ಬ್ಯಾಟರಿ ಅಕ್ಕನ ಹೊಟ್ಟೆಕಿಚ್ಚು

ಬೆಳಗಿನ ಐದೂವರೆ. ಅಗ್ನಿಶಾಮಕ ಠಾಣೆಯ ಹಿಂಬದಿಯಲ್ಲಿ ಉಪಕರಣ ಕೋಣೆಯ ದೀಪವೊಂದೇ ಉರಿಯುತ್ತಿದೆ. ಉದ್ದನೆಯ ಮೇಜಿನ ಮೇಲೆ ನಾಲ್ಕು ಕ್ಯಾಮೆರಾಗಳಿವೆ. ದಪ್ಪ ಹಿಡಿಕೆ, ಪೆಟ್ಟು ತಿಂದು ಒರಟಾದ ಮೈ, ಹಿಂಬದಿಯಲ್ಲಿ ಅಂಗೈಯಗಲದ ಪರದೆ. ದಟ್ಟ ಹೊಗೆಯಲ್ಲಿ ಮನುಷ್ಯನ ಕಣ್ಣಿಗೆ ತನ್ನ ಮೂಗಿನ ತುದಿಯೂ ಕಾಣದಿರುವಾಗ, ಬೆಳಕಿನ ಗೊಡವೆಯಿಲ್ಲದೆ ಬಿಸಿಯನ್ನೇ ನೋಡಿ ಚಿತ್ರ ಮಾಡಿಕೊಡುವ ಕ್ಯಾಮೆರಾಗಳಿವು. ನಲವತ್ತಾರು ವರ್ಷದ ಹೆಂಗಸೊಬ್ಬರು ಮೊದಲನೆಯದನ್ನು ಎತ್ತಿಕೊಂಡು, ಮುಂದಿನ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಗುಂಡಿ ಒತ್ತುತ್ತಾರೆ. ಬಲಗಿವಿಯ ಹತ್ತಿರ ಹಿಡಿದು ಕಾಯುತ್ತಾರೆ. ಒಳಗಿಂದ ‘ಟಕ್’ ಎಂದು ಸಣ್ಣ ಸದ್ದು ಬರುತ್ತದೆ.

“ಎದ್ದ,” ಎನ್ನುತ್ತಾರೆ, ತೊಟ್ಟಿಲ ಮಗುವಿನ ಬಗ್ಗೆ ಹೇಳುವಂತೆ.

ಆಮೇಲೆ ಬರಿಗೈಯನ್ನು ಗೋಡೆಗೆ ಒತ್ತಿ ತೆಗೆಯುತ್ತಾರೆ. ನಮ್ಮ ಕಣ್ಣಿಗೆ ಗೋಡೆ ಬರೀ ಗೋಡೆ. ಪರದೆಯಲ್ಲಿ ಮಾತ್ರ ಐದು ಬೆರಳಿನ ಬೆಳ್ಳಗಿನ ಅಚ್ಚು ನಿಂತು, ನಿಧಾನಕ್ಕೆ ಮಾಸುತ್ತದೆ. ಕ್ಯಾಮೆರಾದ ಸೂಕ್ಷ್ಮ ಕಣ್ಣು ಸರಿಯಿದೆ ಎಂದರ್ಥ. ಇನ್ನೊಂದು ಕಣ್ಣಿನ ಪರೀಕ್ಷೆ ಹಿತ್ತಲಲ್ಲಿ. ಅಲ್ಲಿ ಗ್ಯಾಸ್ ಒಲೆಯೊಂದನ್ನು ಭುಗ್ಗೆಂದು ಹೊತ್ತಿಸಿ, ಜ್ವಾಲೆಗೆ ಕ್ಯಾಮೆರಾ ಹಿಡಿಯುತ್ತಾರೆ. ಚಿತ್ರ ಒಂದು ಗಳಿಗೆ ನಿಂತು, ಮಸುಕಾಗಿ, ಪರದೆಯ ಮೂಲೆಯಲ್ಲಿ ಪುಟ್ಟ ಹಸಿರು ಗುರುತು ಮೂಡುತ್ತದೆ. ಜ್ವಾಲೆಯಿಂದ ಬೇರೆಡೆಗೆ ತಿರುಗಿಸಿದರೆ ಗುರುತು ಮಾಯ. ನಾಲ್ಕೂ ಕ್ಯಾಮೆರಾಗಳಿಗೆ ಇದೇ ಉಪಚಾರ. ಜೊತೆಗೆ ಹದಿನಾರು ಬ್ಯಾಟರಿಗಳ ತಪಾಸಣೆ. ಠಾಣೆಯಲ್ಲಿ ಇವರಿಗೆ ‘ಬ್ಯಾಟರಿ ಅಕ್ಕ’ ಎಂಬ ಹೆಸರು ಬಿದ್ದು ಒಂಬತ್ತು ವರ್ಷವಾಯಿತು. ಸಂಬಳದ ಪಟ್ಟಿಯಲ್ಲೊಂದು ಬಿಟ್ಟು ಬೇರೆಲ್ಲೂ ಈಗ ಅವರ ನಿಜವಾದ ಹೆಸರು ಕೇಳಿಬರುವುದಿಲ್ಲ.

“ಕ್ಯಾಮೆರಾ ಕೊಟ್ರೆ ಎಲ್ಲ ಕಾಣುತ್ತೆ ಅಂದ್ಕೋತಾರೆ,” ಅಕ್ಕ ಒಲೆ ಆರಿಸುತ್ತಾ ಹೇಳುತ್ತಾರೆ. “ಇದಕ್ಕೆ ಎರಡು ಕಣ್ಣು. ಒಂದು ಸೂಕ್ಷ್ಮ, ಒಂದು ಮೊಂಡು. ಸೂಕ್ಷ್ಮ ಕಣ್ಣಿಗೆ ಮನುಷ್ಯನ ಮೈಬಿಸಿ ಚೆನ್ನಾಗಿ ಕಾಣುತ್ತೆ, ಆದ್ರೆ ಜ್ವಾಲೆ ಎದುರು ಬಂದ್ರೆ ಪರದೆಯೆಲ್ಲ ಬೆಳ್ಳಗೆ. ಆಗ ತಾನೇ ಮೊಂಡು ಕಣ್ಣಿಗೆ ಬದಲಾಗುತ್ತೆ. ಬೆಂಕಿ ಎಲ್ಲಿದೆ, ಎಷ್ಟಿದೆ ಅಂತ ಆಗ ಗೊತ್ತಾಗುತ್ತೆ. ಆದ್ರೆ ಆ ಕಣ್ಣಿಗೆ ನೆಲದ ಮೇಲೆ ಬಿದ್ದಿರೋ ಮನುಷ್ಯ ಗೋಣಿಚೀಲದ ಹಾಗೆ. ಉರಿಯೋ ದೀಪಾನೇ ದಿಟ್ಟಿಸಿ ನೋಡ್ತಾ ಇದ್ರೆ ಪಕ್ಕದ ಕತ್ತಲಲ್ಲಿ ಕೂತವರು ಕಾಣ್ತಾರಾ? ಅದೇ ಕಥೆ.”

ಬಣ್ಣದ್ದೂ ಒಂದು ಲೆಕ್ಕವಿದೆ. ಹುಡುಕಲು ಹೋಗುವ ಕ್ಯಾಮೆರಾದಲ್ಲಿ ಕಪ್ಪು-ಬಿಳುಪೇ ಇರಬೇಕು. ಹಳದಿ, ಕಿತ್ತಳೆ, ಕೆಂಪು ಕಾಣಿಸಿಕೊಳ್ಳುವುದು ನೂರೈವತ್ತು ಡಿಗ್ರಿ ದಾಟಿದ ಮೇಲೆ ಮಾತ್ರ. ಬೆಂಕಿ ಆರಿದ ಮೇಲೆ ಗೋಡೆಯ ಸಂದಿಯಲ್ಲಿ ಅಡಗಿದ ಕೆಂಡ ಹುಡುಕುವ ಹೊಂದಿಕೆ, ಅಂದರೆ ಸೆಟ್ಟಿಂಗ್, ಬೇರೆಯೇ. ಅದರಲ್ಲಿ, ಕಂಡದ್ದರಲ್ಲಿ ಯಾವುದು ಹೆಚ್ಚು ಬಿಸಿಯೋ ಅದಕ್ಕೆ ಕೆಂಪು ಬಳಿಯುತ್ತದೆ. ಅದನ್ನು ಮರೆತು ಹಾಗೇ ಬಿಟ್ಟು ಮರುದಿನದ ಬೆಂಕಿಗೆ ಒಯ್ದರೆ, “ಚಹಾದ ಕೆಟಲೂ ಕೆಂಪು, ಉರಿಯೋ ಚಾವಣೀನೂ ಕೆಂಪು. ಯಾವುದಕ್ಕೆ ಹೆದರ್ತೀರಿ?” ಕಿಟಕಿಯ ಗಾಜಿನ ಆಚೆಗಿರುವುದು ಈ ಕ್ಯಾಮೆರಾಗೆ ಕಾಣುವುದಿಲ್ಲ. ಗಾಜು ಅದಕ್ಕೆ ಕನ್ನಡಿ. ಒಮ್ಮೆ ಹೊಸದಾಗಿ ಸೇರಿದವರೊಬ್ಬರು ಗಾಜಿನ ಬಾಗಿಲಲ್ಲಿ ತಮ್ಮದೇ ಬಿಂಬ ಕಂಡು, “ಒಳಗೆ ಒಬ್ಬರಿದ್ದಾರೆ!” ಎಂದು ಕೂಗಿ, ಆ ‘ಒಬ್ಬರನ್ನು’ ಉಳಿಸಲು ಬಾಗಿಲು ಒಡೆದಿದ್ದರಂತೆ.

ಇಷ್ಟೆಲ್ಲ ಬಲ್ಲ ಅಕ್ಕ ಬೆಂಕಿಯೊಳಗೆ ಕಾಲಿಡುವಂತಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಠಾಣೆಗೆ ಮೊದಲ ಕ್ಯಾಮೆರಾ ಬಂದಾಗ ಅದರ ತರಬೇತಿಗೆ ಹೋದವರು ಇವರೊಬ್ಬರೇ. ಐದು ವರ್ಷ ಅದನ್ನು ಹಿಡಿದು ಮುಂದೆ ನಡೆದರು. ಹಿಂದಿನವರು ಇವರ ಬೆನ್ನಿಗೆ ಕೈಯಿಟ್ಟು ಬಂದರು. ಆಮೇಲೊಂದು ದಿನ ಹಾಸ್ಟೆಲ್ ಅಡುಗೆಮನೆಯೊಂದರಲ್ಲಿ ಸಿಲಿಂಡರ್ ಸಿಡಿಯಿತು. ಗಾಯ ಮೇಲ್ನೋಟಕ್ಕೆ ಏನೂ ಇರಲಿಲ್ಲ. ಎಡಗಿವಿ ಹೋಯಿತು, ಅದರ ಜೊತೆಗೇ ಮೈಯ ಸಮತೋಲವೂ. ಇವತ್ತಿಗೂ ಕಣ್ಣು ಮುಚ್ಚಿ ನಿಂತರೆ ಎಡಕ್ಕೆ ವಾಲುತ್ತಾರೆ. ಹೊಗೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದವರೇ. ವೈದ್ಯರು ‘ಒಳಪ್ರವೇಶಕ್ಕೆ ಅನರ್ಹ’ ಎಂದು ಬರೆದರು. ಕ್ಯಾಮೆರಾ ಇವರ ಕೈಯಿಂದ, ಇವರ ಬೆನ್ನಿಗೆ ಕೈಯಿಟ್ಟು ಬರುತ್ತಿದ್ದವನ ಕೈಗೆ ಹೋಯಿತು. ಅವನು ಅಕ್ಕನ ಸ್ವಂತ ತಮ್ಮ. ಐದು ವರ್ಷ ಚಿಕ್ಕವನು. ಠಾಣೆಯಲ್ಲೂ ಪತ್ರಿಕೆಗಳಲ್ಲೂ ಅವನಿಗೆ ‘ಹುಲಿ’ ಎಂದೇ ಹೆಸರು. ಅಕ್ಕನ ಬಾಯಲ್ಲಿ ಅವನಿಗೆ ಏಕವಚನ. ಇಲ್ಲಿಯೂ ಹಾಗೆಯೇ ಇರಲಿ.

ಇಂಥ ಬರಹಗಳಲ್ಲಿ ಈ ಹಂತದಲ್ಲಿ ‘ತಮ್ಮನ ಏಳಿಗೆಯಲ್ಲೇ ಸಂತೋಷ ಕಂಡ ಅಕ್ಕ’ ಎಂದು ಬರೆಯುವುದು ವಾಡಿಕೆ. ಅಕ್ಕ ಅದಕ್ಕೆ ಅವಕಾಶ ಕೊಡುವುದಿಲ್ಲ.

“ಸಂತೋಷ ಎಲ್ಲಿಂದ ಬರ್ಬೇಕು? ಹೊಟ್ಟೆ ಉರೀತಿತ್ತು. ಅವನು ಮೈಯೆಲ್ಲ ಮಸಿ ಮಾಡ್ಕೊಂಡು ಬಂದು ‘ಅಕ್ಕಾ, ಬ್ಯಾಟರಿ’ ಅಂತ ಕೈ ಚಾಚ್ತಿದ್ದ. ನನಗೆ ಆ ಮಸಿ ಬೇಕಿತ್ತು. ನಗ್ಬೇಡಿ. ನನ್ನ ಸಮವಸ್ತ್ರದ ಇಸ್ತ್ರಿ ವಾರಗಟ್ಟಲೆ ಮುರೀತಿರ್ಲಿಲ್ಲ, ಅದನ್ನ ನೋಡಿದ್ರೇ ಸಿಟ್ಟು ಬರ್ತಿತ್ತು.”

ಮನೆಯಲ್ಲೂ ಬಿಡುಗಡೆಯಿರಲಿಲ್ಲ. ಅಕ್ಕ, ತಮ್ಮ, ಅವನ ಹೆಂಡತಿ, ತಾಯಿ ಎಲ್ಲರೂ ಒಂದೇ ಮನೆ, ಎರಡು ಮಹಡಿ. ತಾಯಿಗೆ ಎಂಬತ್ತರ ಹತ್ತಿರ. ಬಂದವರು ಕೇಳಿದರೆ, “ಮಗ ಬೆಂಕಿಯಿಂದ ಜನಾನ ಎತ್ಕೊಂಡು ಬರ್ತಾನೆ,” ಎನ್ನುತ್ತಿದ್ದರು. ಮಗಳು? “ಅವಳು ಅಲ್ಲೇ ಇದಾಳೆ, ಚಾರ್ಜಿಗೆ ಹಾಕ್ತಾಳೆ.” ಹೋದ ವರ್ಷ ಹುಲಿಗೆ ಶೌರ್ಯಪದಕ ಘೋಷಣೆಯಾದ ದಿನ ಅಕ್ಕ ಮನೆಗೆ ಬಂದು ನೋಡುತ್ತಾರೆ, ಹಾಲ್‌ನ ಗೋಡೆಯ ಮೇಲಿದ್ದ ಅವರ ತರಬೇತಿ ಪ್ರಮಾಣಪತ್ರ ಇಳಿದು ಬೀರುವಿನ ಪಕ್ಕ ಗೋಡೆಗೊರಗಿದೆ. ಅದೇ ಮೊಳೆಗೆ ಹುಲಿಯ ಫೋಟೊ ನೇತಾಡುತ್ತಿದೆ.

“ಗೋಡೆಗೇನು ಬರಗಾಲವಾ? ಇನ್ನೊಂದು ಮೊಳೆ ಹೊಡೆಯೋಕೆ ಆಗ್ತಿರ್ಲಿಲ್ವಾ ಅಮ್ಮ, ಅಂದೆ. ಅದಕ್ಕೆ ಅಮ್ಮ ಏನಂದ್ಳು ಗೊತ್ತಾ? ‘ಊರ ಬೆಂಕಿಗೆಲ್ಲ ನೀರು ಹೊಯ್ತೀರಿ, ನಿನ್ನ ಹೊಟ್ಟೆಕಿಚ್ಚಿಗೆ ಯಾರು ಹೊಯ್ಯೋರೇ?’ ಅಂದ್ಳು. ಎಲ್ಲರೂ ನಕ್ಕರು. ಅವನೂ ನಕ್ಕ.”

ಮರುದಿನವೇ ಹುಲಿ ಉಪಕರಣ ಕೋಣೆಗೆ ಬಂದ. ಕ್ಯಾಮೆರಾದಲ್ಲಿ ಒಳಗಿನ ದೃಶ್ಯ ದಾಖಲಾಗುತ್ತದೆ. ಪದಕದ ಸಮಾರಂಭದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಲು ಒಳ್ಳೆಯದೊಂದು ತುಣುಕು ಬೇಕೆಂದು ಮೇಲಿನವರು ಕೇಳಿದ್ದರು.

“ಅಕ್ಕಾ, ಕಣ್ಣು ಬದಲಾದಾಗಲೆಲ್ಲ ಚಿತ್ರ ಎಗರುತ್ತೆ. ನೋಡೋಕೆ ಚೆನ್ನಾಗಿರಲ್ಲ. ಬೆಂಕಿ ಚೆನ್ನಾಗಿ ಕಾಣೋ ಕಣ್ಣಿಗೇ ಲಾಕ್ ಮಾಡಿಡು.”

ಬೆಂಕಿ ಚೆನ್ನಾಗಿ ಕಾಣುವುದು ಮೊಂಡು ಕಣ್ಣು. ಅದಕ್ಕೇ ಬೀಗ ಹಾಕಿಬಿಟ್ಟರೆ ಕ್ಯಾಮೆರಾ ಕತ್ತಲ ಮೂಲೆಗೆ ತಿರುಗಿದಾಗಲೂ ಸೂಕ್ಷ್ಮ ಕಣ್ಣು ತೆರೆಯುವುದಿಲ್ಲ. ಅಕ್ಕನಿಗೆ ಇದು ಅಂಗೈ ರೇಖೆಯಷ್ಟು ಸ್ಪಷ್ಟ. ಹುಲಿ ಬೆಂಕಿಗೆ ನುಗ್ಗುವುದರಲ್ಲಿ ಎತ್ತಿದ ಕೈ. ಕ್ಯಾಮೆರಾದಲ್ಲಿ ಯಾವ ಗುಂಡಿ ಏನು ಮಾಡುತ್ತದೆಂದು ಒಂದು ದಿನವೂ ಕೂತು ನೋಡಿದವನಲ್ಲ. ಅದನ್ನೆಲ್ಲ ಅಕ್ಕ ನೋಡಿಕೊಳ್ಳುತ್ತಾಳಲ್ಲ.

“ಒಂದು ಮಾತು ಹೇಳಿದ್ರೆ ಸಾಕಿತ್ತು. ‘ಬೇಡ ಕಣೋ, ಮನುಷ್ಯ ಕಾಣಲ್ಲ’ ಅಂತ. ನಾಲಿಗೆ ತುದೀಲೇ ಇತ್ತು. ಆದ್ರೆ ಆ ಮೊಳೆ ಕಣ್ಣಿಗೆ ಕಟ್ಟಿತ್ತು. ‘ಪದಕ ಬಂದವನು ನೀನು, ನಿನಗೆ ಗೊತ್ತಿಲ್ದೇ ಇರೋದೇನಿದೆ’ ಅಂದು ಲಾಕ್ ಮಾಡಿ ಕೊಟ್ಟೆ.” ಮತ್ತೆ ಸೇರಿಸುತ್ತಾರೆ: “ಯಾರಾದ್ರೂ ಸಾಯ್ಲಿ ಅಂತಲ್ಲ. ಚಿತ್ರದಲ್ಲಿ ಬೆಂಕಿ ಬಿಟ್ಟು ಇನ್ನೇನೂ ಕಾಣದೇ ಇರ್ಲಿ, ಎಲ್ಲರ ಮುಂದೆ ಅವನಿಗೆ ನಾಚಿಕೆ ಆಗ್ಲಿ, ಆಗ ನನ್ನ ಹತ್ರ ಬಂದು ಕೇಳ್ಲಿ. ಅಷ್ಟೇ ಇದ್ದದ್ದು ಮನಸ್ಸಲ್ಲಿ. ಅಷ್ಟಕ್ಕೇ ಒಬ್ಬ ಮನುಷ್ಯ ಹೋಗ್ತಿದ್ದ.”

ಎರಡು ದಿನ ಕಳೆದು, ಬೆಳಕು ಹರಿಯುವ ಹೊತ್ತಿಗೆ ಹಾಸಿಗೆ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಸ್ಪಂಜು, ಹತ್ತಿ, ಪ್ಲಾಸ್ಟಿಕ್ ಹೊದಿಕೆ. ಹೊಗೆ ಡಾಂಬರಿನಷ್ಟು ಕಪ್ಪು. ಕಾವಲುಗಾರ ಒಳಗಿದ್ದಾನೆಂದು ಅವನ ಹೆಂಡತಿ ಕೂಗುತ್ತಿದ್ದಳು. ಅವನು ಚಹಾ ಕುಡಿಯಲು ಹೊರಗೆ ಹೋದದ್ದನ್ನು ಕಂಡೆನೆಂದು ಎದುರಿನ ಅಂಗಡಿಯವನು ಹೇಳುತ್ತಿದ್ದ. ಹುಲಿ ಮತ್ತು ಅವನ ಜೊತೆಗಾರ ಕೆಳಮಹಡಿಯನ್ನೆಲ್ಲ ಹುಡುಕಿ, ಉಸಿರಿನ ಸಿಲಿಂಡರ್ ಬದಲಿಸಲು ಹೊರಗೆ ಬಂದರು.

“ಯಾರೂ ಇಲ್ಲ,” ಎಂದ ಹುಲಿ. “ಮೂಲೆ ಮೂಲೆ ನೋಡಿದೀನಿ.”

ಸಿಲಿಂಡರ್ ಮತ್ತು ಬ್ಯಾಟರಿಗಳ ವ್ಯಾನ್ ತರುವುದು ಅಕ್ಕನ ಕೆಲಸ. ಅವರು ಕ್ಯಾಮೆರಾ ಇಸಿದುಕೊಂಡು ಬ್ಯಾಟರಿ ಬದಲಿಸಿದರು. ಅಭ್ಯಾಸಬಲದಿಂದ ಎಡಗೈಯನ್ನು ಅದರ ಮುಂದೆ ಹಿಡಿದರು. ಪರದೆಯಲ್ಲಿ ಹೊಳೆಯಬೇಕಿದ್ದ ಕೈ ಬೂದಿ ಬಣ್ಣದ ಕಲೆಯಾಗಿತ್ತು. ಮೂಲೆಯಲ್ಲಿ ಹಸಿರು ಗುರುತು. ಎದುರಿಗೆ ಬೆಂಕಿಯಿರಲಿಲ್ಲ, ಒದ್ದೆ ರಸ್ತೆ ಮಾತ್ರ ಇತ್ತು.

“ಕಾಲಡಿ ನೆಲ ಕುಸೀತು ಅಂತಾರಲ್ಲ, ನನಗೆ ಮೊದಲೇ ಒಂದು ಕಿವಿ ಇಲ್ಲ, ನಿಜವಾಗ್ಲೂ ವಾಲಿ ವ್ಯಾನಿಗೆ ಒರಗಿದೆ.”

ಸುತ್ತ ಅಧಿಕಾರಿಗಳಿದ್ದರು, ಜನರಿದ್ದರು, ಫೋಟೊದವರಿದ್ದರು. ಮೆಲ್ಲಗೆ ಗುಂಡಿ ಒತ್ತಿ ಬೀಗ ತೆಗೆದು ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡಿದ್ದರೆ ಹುಲಿ ಮೇಲ್ಮಹಡಿಗೆ ಹೋಗುತ್ತಿದ್ದ, ನೋಡಿದ ಜಾಗವನ್ನು ಮತ್ತೆ ನೋಡುತ್ತಿರಲಿಲ್ಲ. ಅಕ್ಕ ಅವನ ತೋಳು ಹಿಡಿದು ಗಟ್ಟಿಯಾಗಿಯೇ ಹೇಳಿದರು:

“ನೀನು ನೋಡಿದ್ದು ನೋಡಿದ ಹಾಗಲ್ಲ. ಲಾಕ್ ಆಗಿದ್ದ ಕಣ್ಣಿಗೆ ಮನುಷ್ಯ ಕಾಣಲ್ಲ. ನನಗೆ ಗೊತ್ತಿತ್ತು, ಹೇಳ್ಲಿಲ್ಲ. ಕೆಳಮಹಡಿ ಮತ್ತೆ ನೋಡು.”

ಹುಲಿ ಮುಖವಾಡದೊಳಗಿಂದ ಅಕ್ಕನ ಮುಖ ನೋಡಿದ. ಅಷ್ಟರಲ್ಲಿ ಅಕ್ಕನ ಬೆರಳು ಬೀಗ ತೆಗೆದಾಗಿತ್ತು. ಕೈ ಅಡ್ಡ ಹಿಡಿದರು. ಈ ಸಲ ಐದೂ ಬೆರಳು ಬೆಳ್ಳಗೆ ಹೊಳೆದವು.

“ಬೆಂಕಿಗೆ ಬೆನ್ನು ಮಾಡಿ ಹಿಡಿ. ಮೇಲೆ ಎತ್ತಬೇಡ, ಗೋಡೆ ಬುಡ ಹಿಡ್ಕೊಂಡು ನಿಧಾನಕ್ಕೆ ಗುಡಿಸಿದ ಹಾಗೆ ತಿರುಗಿಸು.”

ಒಂಬತ್ತು ನಿಮಿಷ ಅವನು ಒಳಗಿದ್ದ. ಅಷ್ಟು ಹೊತ್ತು ಅಕ್ಕ ವ್ಯಾನಿನ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದರು. ಚಾವಣಿಯ ತಗಡು ಸಿಡಿಯುವ ಸದ್ದು ಒಂದೇ ಕಿವಿಗೆ ಬಡಿಯುತ್ತಿತ್ತು. ಯಾವ ದಿಕ್ಕಿನಿಂದ ಎಂದು ತಿಳಿಯುತ್ತಿರಲಿಲ್ಲ. ಕಾವಲುಗಾರನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಹಿಂಗೋಡೆಯ ಹತ್ತಿರ, ಕುಸಿದ ಹಾಸಿಗೆಗಳ ಎರಡು ರಾಶಿಗಳ ನಡುವಿನ ಸಂದಿಯಲ್ಲಿ ಒಂದು ಬಿಳಿ ಆಕಾರ, ಅದರ ಒಂದು ಕೈ ಮಾತ್ರ ಹೊರಚಾಚಿದ್ದು, ಹುಲಿಗೆ ಪರದೆಯಲ್ಲಿ ಕಂಡಿತು. ಮೊದಲ ಸಲ ಅವನು ಅದೇ ಸಂದಿಯ ಮುಂದೆ ಎರಡು ಹೆಜ್ಜೆ ದೂರದಲ್ಲಿ ಹಾದುಹೋಗಿದ್ದ.

ಕಾವಲುಗಾರ ಬದುಕಿದ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದ.

“ಒಂದು ವಿಚಿತ್ರ ಹೇಳ್ಲಾ? ಆ ಒಂಬತ್ತು ನಿಮಿಷ ಹೊಟ್ಟೆಕಿಚ್ಚು ಇರ್ಲೇ ಇಲ್ಲ. ದೇವ್ರೇ, ಬೇಕಾದ್ರೆ ಅವನಿಗೆ ಹತ್ತು ಪದಕ ಕೊಡು, ಗೋಡೆ ತುಂಬ ಅವನ ಫೋಟೊ ಹಾಕ್ಲಿ ಅಮ್ಮ, ಅಂತ ಬೇಡ್ಕೊಂಡೆ. ಅವನು ಆ ಮನುಷ್ಯನ್ನ ಹೆಗಲ ಮೇಲೆ ಹಾಕ್ಕೊಂಡು ಹೊರಗೆ ಬಂದ. ಫೋಟೊದವರು ಓಡಿದ್ರು. ಒಬ್ಬ ನನಗೆ ‘ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಅಡ್ಡ ಬರ್ತೀರಿ’ ಅಂದ. ಅಷ್ಟೇ, ಮತ್ತೆ ಹತ್ಕೊಂಡಿತು!”

ಆ ದಿನವೇ ಅಕ್ಕ ನಡೆದದ್ದನ್ನು ನಡೆದಂತೆ ಬರೆದು ಠಾಣಾಧಿಕಾರಿಯ ಮೇಜಿನ ಮೇಲಿಟ್ಟರು. ಅಧಿಕಾರಿ ಕೆಟ್ಟವರಲ್ಲ. “ಕ್ಯಾಮೆರಾದ್ದೇ ದೋಷ ಅಂತ ಬರೆದ್ಬಿಡಿ, ಮನುಷ್ಯ ಹೇಗೂ ಉಳಿದ್ನಲ್ಲ,” ಎಂದರು. ಅಕ್ಕ ಒಪ್ಪಲಿಲ್ಲ. “ಹಾಗೆ ಬರೆದ್ರೆ ಆ ಕ್ಯಾಮೆರಾನ ಗುಜರಿಗೆ ಹಾಕ್ತಾರೆ ಸಾರ್. ಅದರ ತಪ್ಪೇನಿದೆ? ನಾನು ಹೇಳಿದ್ದನ್ನೇ ಅದು ಮಾಡ್ತು.” ವಿಚಾರಣೆ ನಡೆಯಿತು. ಉಪಕರಣ ಕೋಣೆಯ ಕೀಲಿ ಕೈತಪ್ಪಿತು. ಗೇಟಿನ ಬಳಿ ಬಂದುಹೋಗುವವರ ಹೆಸರು ಬರೆದುಕೊಳ್ಳುವ ಕೆಲಸ ಬಂತು.

ಹುಲಿ ಹದಿನೈದು ದಿನ ಮಾತು ಬಿಟ್ಟ. ಒಂದೇ ಮನೆಯಲ್ಲಿದ್ದು, ಒಂದೇ ಮೇಜಿನಲ್ಲಿ ಉಂಡು, ‘ಉಪ್ಪು ಕೊಡು’ ಎನ್ನಲೂ ತಾಯಿಯ ಮುಖ ನೋಡುತ್ತಿದ್ದ. ಹದಿನಾರನೆಯ ದಿನ ಮಧ್ಯಾಹ್ನ ಅಕ್ಕ ಬಟ್ಟೆ ಒಣಹಾಕುತ್ತಿದ್ದಾಗ ಮಹಡಿಗೆ ಬಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತ.

“ಯಾಕೆ ಹೇಳ್ಲಿಲ್ಲ ಅಕ್ಕಾ?”

“ಹೊಟ್ಟೆಕಿಚ್ಚು.”

“ನನ್ನ ಮೇಲಾ?”

“ಇನ್ಯಾರ ಮೇಲೆ, ಪಕ್ಕದ್ಮನೆಯೋರ ಮೇಲಾ?”

ಅವನಿಗೆ ನಗು ಬಂತು, ತಡೆದುಕೊಂಡ. “ನಾನು ಆ ಸಂದಿ ಮುಂದೆ ಹಾದು ಹೋಗಿದ್ದೆ. ದಿನಾ ಅದೇ ಕನಸು ಬೀಳುತ್ತೆ,” ಎಂದ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಹಿಡಿದು ಅಕ್ಕ ನಿಂತುಬಿಟ್ಟರು. ತಪ್ಪು ಇವರದ್ದು, ಕನಸು ಅವನಿಗೆ. ಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿ ಒಣಹಾಕಿದರು.

ಅದರ ಮಾರನೆಯ ವಾರ ಹುಲಿ ಠಾಣಾಧಿಕಾರಿಯ ಕೋಣೆಗೆ ಹೋಗಿ, ಅಕ್ಕ ಹೊಂದಿಸದ ಕ್ಯಾಮೆರಾ ಹಿಡಿದು ಒಳಗೆ ಹೋಗುವುದಿಲ್ಲ ಎಂದ. ಉಳಿದವರೂ ಅವನ ಹಿಂದೆ ನಿಂತರು. ಮೂರನೆಯ ತಿಂಗಳಿಗೆ ಕೀಲಿ ಹಿಂದಿರುಗಿತು. ಅಕ್ಕನಿಗೆ ಅದೂ ಪೂರ್ತಿ ಸಿಹಿಯಾಗಲಿಲ್ಲ. “ನೋಡಿ, ನನ್ನ ಕೀಲೀನೂ ಅವನ ಬಾಯಿಂದಲೇ ಬರ್ಬೇಕಾ? ಅಲ್ಲೂ ಅವನೇ ದೊಡ್ಡವನಾದ.” ಹೇಳುವಾಗ ಮುಖದಲ್ಲಿ ನಗುವಿದೆ, ಮಾತಿನಲ್ಲಿಲ್ಲ.

ಚೇತರಿಸಿಕೊಂಡ ಕಾವಲುಗಾರ ಒಂದು ದಿನ ಠಾಣೆಗೆ ಬಂದ. ಎದುರಿಗೆ ಸಿಕ್ಕ ಅಕ್ಕನಿಗೆ, “ಹುಲಿ ಸಾರ್ ಎಲ್ಲಿದಾರಮ್ಮ? ಕಾಲಿಗೆ ಬೀಳ್ಬೇಕಿತ್ತು. ಹಾಗೇ ಒಂದು ಲೋಟ ನೀರು ಕೊಡಿ,” ಎಂದ. ಅಕ್ಕ ನೀರು ತಂದುಕೊಟ್ಟರು. ಅವನು ಕುಡಿಯುತ್ತಿರುವಾಗಲೇ ಎದುರು ಕೂತು, ಮೊದಲ ಸಲ ಅವನು ಯಾರ ಕಣ್ಣಿಗೂ ಬೀಳದೆ ಹೋದದ್ದು ಯಾರಿಂದ, ಯಾಕೆ ಎಂಬುದನ್ನು ಹೇಳಿದರು. ಅವನು ಕೇಳುತ್ತಾ ಲೋಟ ಬರಿದು ಮಾಡಿದ. ಬಹಳ ಹೊತ್ತು ಅದರ ತಳವನ್ನೇ ನೋಡಿದ. ಆಮೇಲೆ ಅದನ್ನು ಅಕ್ಕನ ಕಡೆಗೆ ಚಾಚಿ, “ಇನ್ನೊಂದು ಲೋಟ ಕೊಡಿ,” ಎಂದ.

ಈಗ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ, ಪಾಳಿ ಬದಲಾಗುವಾಗ, ಹತ್ತು ನಿಮಿಷ ಅಕ್ಕನದು. ಒಳಗೆ ಹೋಗುವ ಎಂಟೂ ಮಂದಿ ಇಬ್ಬರಿಗೊಂದು ಕ್ಯಾಮೆರಾ ಹಿಡಿದು ಸಾಲಾಗಿ ನಿಲ್ಲುತ್ತಾರೆ, ಹುಲಿಯೂ ಸೇರಿ. ಹಸಿರು ಗುರುತು ಕಂಡರೆ ಏನು ಕಾಣುವುದಿಲ್ಲ? ಪರದೆಯ ನಡುವೆ ಕಾಣುವ ಡಿಗ್ರಿಯ ಅಂಕಿ ತೋರಿಸುವುದು ಗೋಡೆಯ ಬಿಸಿಯೋ ಗಾಳಿಯ ಬಿಸಿಯೋ? ಗಾಜಿನಲ್ಲಿ ಮನುಷ್ಯ ಕಂಡರೆ ಮೊದಲು ಏನು ಮಾಡಬೇಕು? (ನಿಮ್ಮ ಕೈ ಬೀಸಿ ನೋಡಿ. ಅವನೂ ಬೀಸಿದರೆ ಅದು ನೀವೇ.) ಯಾರಾದರೂ ಹೊಂದಿಕೆ ಬದಲಿಸಲು ಕೇಳಿದರೆ ಅಕ್ಕ ಬೇಡವೆನ್ನುವುದಿಲ್ಲ; ಬದಲಿಸಿದರೆ ಏನು ಕಾಣದೆ ಹೋಗುತ್ತದೆಂದು ಕೇಳಿದವರ ಬಾಯಿಂದಲೇ ಹೇಳಿಸುತ್ತಾರೆ. ಹೋದ ತಿಂಗಳು ಮೂವತ್ತೊಂದು ಕರೆಗಳು ಬಂದವು. ಕ್ಯಾಮೆರಾ ಹಿಡಿದು ಒಳಗೆ ಹೋದದ್ದು ಹನ್ನೊಂದು ಸಲ. ಬೇರೆ ಎರಡು ಠಾಣೆಗಳವರು ಕಲಿಯಲು ಬಂದುಹೋಗಿದ್ದಾರೆ. ಅವರಲ್ಲೊಬ್ಬರು ಹೊರಡುವ ಮುನ್ನ ಹುಲಿಯ ಜೊತೆ ಫೋಟೊ ತೆಗೆಸಿಕೊಂಡರು. ತೆಗೆದುಕೊಟ್ಟವರು ಅಕ್ಕ.

ಮಾತಿನ ನಡುವೆಯೇ ಗಂಟೆ ಮೊಳಗುತ್ತದೆ. ಬಟ್ಟೆ ಅಂಗಡಿ, ಎರಡನೆಯ ಮಹಡಿ. ಬೂಟುಗಳ ಸದ್ದು. ಹುಲಿ ಓಡುತ್ತಲೇ ಕೈ ಚಾಚುತ್ತಾನೆ, ಅಕ್ಕ ಕ್ಯಾಮೆರಾ ಕೊಡುತ್ತಾರೆ. ಹೋಗುತ್ತಿರುವ ವಾಹನದ ಸದ್ದಿಗೆ ಬಲಗಿವಿ ಕೊಡಲು ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತಾರೆ. ಆಮೇಲೆ ವ್ಯಾನಿಗೆ ಸಿಲಿಂಡರ್ ತುಂಬಿ ಹಿಂದೆಯೇ ಹೊರಡುತ್ತಾರೆ. ಒಂದೂವರೆ ಗಂಟೆ ಕಳೆದು ಎಲ್ಲರೂ ಹಿಂದಿರುಗಿದಾಗ ಹುಲಿಯ ಮುಖವೆಲ್ಲ ಮಸಿ. ಅಂಗಡಿಯವರು ಹೊದಿಸಿದ ಶಾಲು ಅವನ ಕೊರಳಲ್ಲಿ ಇನ್ನೂ ಇದೆ. ಅಕ್ಕ ಅವನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು, ಶಾಲಿನ ಕಡೆ ನೋಡದೆ, ಗಾಜು ಒರೆಸಲು ಶುರುಮಾಡುತ್ತಾರೆ.

ಹೊಟ್ಟೆಕಿಚ್ಚು ಈಗಲಾದರೂ ಆರಿದೆಯೇ ಎಂದು ಕೇಳಿದರೆ ಅಕ್ಕ ಬಟ್ಟೆ ಮಡಿಸಿಡುತ್ತಾರೆ.

“ಸುಳ್ಳು ಯಾಕೆ ಹೇಳ್ಲಿ? ಅವನು ಹೀಗೆ ಮಸಿ ಮೆತ್ಕೊಂಡು ಬಂದು ನಿಂತಾಗಲೆಲ್ಲ ಉರಿಯುತ್ತೆ,” ಎನ್ನುತ್ತಾರೆ. “ಆದ್ರೆ ವಾಪಸ್ ಬಂದು ನಿಂತ್ಕೋತಾನಲ್ಲ, ಅದು ನನ್ನ ಕೆಲಸ.”